ನಾನು ಅಳಿಸದ ಡೊಂಕು

ವೈಟ್‌ಫೀಲ್ಡ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ವಿಮಾನ ಹತ್ತಿದ ಮೊದಲನೆಯವಳೂ ನಾನೇ. ಇದನ್ನು ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ. ಜಂಬ ಪಡುವಷ್ಟು ಕೆಲಸ ಮಾಡಿದ್ದೇನೆ.

ನಾನು ಓದಿದ್ದು ಭೂವಿಜ್ಞಾನ. ಪೀಣ್ಯದ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ನಡೆಸುವವನ ಮಗಳು ಇದನ್ನು ಓದುತ್ತಾಳೆ ಎಂದಾಗ ನಕ್ಕವರು ಬಹಳ. "ಕಲ್ಲು ಒಡೆಯೋಕೆ ಡಿಗ್ರಿ ಯಾಕಮ್ಮಾ?" ಎಂದು ಕೇಳಿದವರೂ ಇದ್ದರು. ಈಗ ವೈಟ್‌ಫೀಲ್ಡಿನ ಗಾಜಿನ ಕಟ್ಟಡವೊಂದರಲ್ಲಿ ಕುಳಿತು ಪರದೇಶದ ಗಣಿಗಳ ಒಳನಕ್ಷೆ ಬರೆಯುತ್ತೇನೆ. ಅಲ್ಲಿನವರು ನೆಲ ಕೊರೆದು ತೆಗೆದ ಕಲ್ಲಿನ ಫೋಟೊ, ಅಳತೆ ಎಲ್ಲ ಕಳಿಸುತ್ತಾರೆ. ನಾವು ಅದನ್ನು ಜೋಡಿಸಿ, ಯಾವ ಬಂಡೆ ಎಲ್ಲಿದೆ, ಎಲ್ಲಿ ಸೀಳಿದೆ ಎಂದು ಪರದೆಯ ಮೇಲೆ ಮೂಡಿಸುತ್ತೇವೆ. ನೋಡದ ಊರಿನ ಕಾಣದ ಆಳವನ್ನು ಬರೆಯುವ ಕೆಲಸ ನಮ್ಮದು.

ಈ ಸೀಳಿಗೆ ನಾವು ಫಾಲ್ಟ್ ಅನ್ನುತ್ತೇವೆ. ಪಠ್ಯಪುಸ್ತಕದಲ್ಲಿ ಸ್ತರಭಂಗ. ಬರೀ ಬಿರುಕಲ್ಲ ಅದು; ಎರಡು ಬದಿಯ ಬಂಡೆಗಳು ಒಂದನ್ನೊಂದು ಉಜ್ಜಿಕೊಂಡು ಜರುಗಿದ ಬಿರುಕು. ನೆಲದ ಆಳದಲ್ಲಿ ಕುದಿಯುವಷ್ಟು ಬಿಸಿಯಾದ ನೀರು ಬೆಣಚುಕಲ್ಲನ್ನೂ ಚೂರುಪಾರು ಚಿನ್ನವನ್ನೂ ಕರಗಿಸಿಕೊಂಡು, ಭಾರೀ ಒತ್ತಡದಲ್ಲಿ ದಾರಿಗಾಗಿ ಕಾಯುತ್ತಿರುತ್ತದೆ. ಭೂಮಿ ಅಲುಗಿದಾಗ ಫಾಲ್ಟ್ ಬಾಯಿ ಬಿಡುತ್ತದೆ, ನೀರು ನುಗ್ಗುತ್ತದೆ, ಒತ್ತಡ ಒಮ್ಮೆಲೇ ಇಳಿಯುತ್ತದೆ. ಒತ್ತಡ ಇಳಿದ ನೀರಿಗೆ ಹೊತ್ತದ್ದನ್ನು ಹೊರಲಾಗುವುದಿಲ್ಲ, ಅಲ್ಲೇ ಇಳಿಸಿಬಿಡುತ್ತದೆ. ಬಿರುಕು ಮುಚ್ಚಿಕೊಳ್ಳುತ್ತದೆ, ಒತ್ತಡ ಏರುತ್ತದೆ, ಮತ್ತೆ ಒಡೆಯುತ್ತದೆ. ಹೀಗೆ ಸಾವಿರಾರು ಸಲ. ನಮ್ಮ ಬೀದಿಯ ಬೋರ್‌ವೆಲ್ ನೀರು ಹಿಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪೈಪಿನ ಜಾಯಿಂಟ್ ಎಲ್ಲಿ ಸೋರುತ್ತದೋ ಅಲ್ಲೇ ಬಿಳಿ ಹರಳು ಕಟ್ಟಿಕೊಳ್ಳುತ್ತದೆ. ಚಿಕ್ಕಂದಿನಲ್ಲಿ ಅದನ್ನು ಹಳೆಯ ಚಾಕುವಿನಿಂದ ಕೆರೆಯುವುದು ನನ್ನ ಭಾನುವಾರದ ಕೆಲಸವಾಗಿತ್ತು.

ಜಗಳ ಶುರುವಾದದ್ದು ಒಂದು ಡೊಂಕಿನಿಂದ. ಪಶ್ಚಿಮ ಆಸ್ಟ್ರೇಲಿಯಾದ ಚಿನ್ನದ ಗಣಿಯೊಂದರ ದೊಡ್ಡ ಫಾಲ್ಟನ್ನು ನಾನು ಬರೆಯುತ್ತಿದ್ದೆ. ಅದು ನೇರವಾಗಿ ಬಂದು ಒಂದು ಕಡೆ ಮೊಣಕೈಯಂತೆ ಬಾಗಿ, ಮತ್ತೆ ನೇರವಾಗುತ್ತದೆ ಎಂದು ಸುತ್ತಲಿನ ಅಳತೆಗಳು ಹೇಳುತ್ತಿದ್ದವು. ಆದರೆ ಬಾಗುವ ಜಾಗದಲ್ಲೇ ಕಲ್ಲಿನ ಫೋಟೊ ಇರಲಿಲ್ಲ. ಅಲ್ಲಿ ಬರೀ ಖಾಲಿ. ನಮ್ಮ ಆಫೀಸಿನ ಪದ್ಧತಿ ಏನೆಂದರೆ, ಖಾಲಿ ಇದ್ದ ಕಡೆ ಸಾಫ್ಟ್‌ವೇರಿನ ಒಂದು ಗುಂಡಿ ಒತ್ತಿದರೆ ಸಾಕು, ಫಾಲ್ಟ್ ಇಸ್ತ್ರಿ ಮಾಡಿದ ಸೀರೆಯಂತೆ ನುಣ್ಣಗಾಗುತ್ತದೆ. ಕ್ಲೈಂಟಿಗೂ ಅದೇ ಇಷ್ಟ. ನಾನು ಒತ್ತಲಿಲ್ಲ.

"ಅದು ನಿಮ್ಮ ಬೆಂಗಳೂರಿನವರ ಕೈತಪ್ಪು. ತೆಗೆದುಬಿಡಿ," ಎಂದು ವಿಡಿಯೊ ಕಾಲಿನಲ್ಲಿ ಗಣಿಯವರು ಹೇಳಿದರು.

ಕಾಲ್ ಮುಗಿದ ಮೇಲೆ ನಮ್ಮ ಟೀಮ್ ಲೀಡ್ ಮುರಳಿ ಕುರ್ಚಿ ತಿರುಗಿಸಿ ನನ್ನ ಮುಖ ನೋಡಿದ. "ಸ್ಮೂತ್ ಮಾಡ್ಬಿಡು ಮಗಾ. ಒಂದ್ ಕ್ಲಿಕ್ಕು."

"ಅಲ್ಲಿ ಡೊಂಕಿದೆ."

"ಯಾರ್ ನೋಡಿದ್ದಾರೆ?"

"ಇಲ್ಲ ಅಂತ ಯಾರ್ ನೋಡಿದ್ದಾರೆ?"

ಮುರಳಿ ಕೆಟ್ಟವನಲ್ಲ, ಸುಸ್ತಾದವನು. ಆ ಗಣಿಯವರು ನಮ್ಮ ತಂಡದ ಒಬ್ಬರು ಒಮ್ಮೆ ಬಂದು ನೆಲ ನೋಡಲಿ ಎಂದು ಕರೆಯುತ್ತಲೇ ಇದ್ದರು. ಅವನು ನನ್ನ ಹೆಸರನ್ನೇ ಕಳಿಸಿದ. "ಹೋಗು ತಾಯಿ, ಕಣ್ಣಾರೆ ನೋಡ್ಕೊಂಡ್ ಬಾ. ಅವ್ರ ಡ್ರಿಲ್ಲಿಂಗ್ ರಿಗ್ ಇನ್ನೊಂದೇ ಒಂದು ಹೋಲ್ ಕೊರೆದು ಬೇರೆ ಗಣಿಗೆ ಹೋಗುತ್ತೆ. ಅಷ್ಟರೊಳಗೆ ಅವ್ರನ್ನ ಒಪ್ಪಿಸಿದ್ಯೋ, ಡೊಂಕು ಇರುತ್ತೆ. ಇಲ್ವೋ, ವಾಪಸ್ ಬಂದು ನೀನೇ ನಿನ್ನ ಕೈಯ್ಯಾರೆ ಅಳಿಸ್ಬೇಕು. ಡೀಲಾ?"

"ಡೀಲ್," ಅಂದೆ.

ರಾಜಗೋಪಾಲನಗರ

ಸುದ್ದಿ ನನಗಿಂತ ಮೊದಲು ಬೀದಿ ತಲುಪಿತ್ತು. ನಮ್ಮ ಬಾಡಿಗೆ ಮನೆಯ ಓನರ್ ಅಕ್ಕ ಮೇಲಿನ ಮಹಡಿಯಿಂದಲೇ ಕೂಗಿ ಕೇಳಿದರು: "ಏನ್ ರತ್ನಾ, ಆಸ್ಟ್ರೇಲಿಯಾಕ್ಕೆ ಓಯ್ತಿದ್ದೀಯಂತೆ? ಚಿನ್ನದ್ ಗಣಿಯಂತೆ? ಬರೋವಾಗ ಒಂದ್ ಎಳೆ ಸರನಾದ್ರೂ ತತ್ತೀಯೋ, ಇಲ್ಲ ಅಂಗೇ ಬತ್ತೀಯೋ?"

"ಕಲ್ಲು ತರ್ತೀನಿ ಅಕ್ಕಾ."

"ಕಲ್ಲ್ ಇಲ್ಲೇ ಬೇಕಾದಂಗ್ ಬಿದ್ದವೆ ಬಿಡು."

ಅಪ್ಪ, ಅವ್ವ ಕೊಪ್ಪಳದ ಕಡೆಯಿಂದ ಬಂದವರು. ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಅವರ ಮಾತು ಅಲ್ಲಿಯದೇ. ಅಪ್ಪನ ಅನುಮಾನ ಮುರಳಿಯದ್ದೇ ಆಗಿತ್ತು. "ಅಲ್ಲವಾ, ಅಷ್ಟ್ ದೂರದ ಭೂಮಿ ಒಳಗಿಂದು ಇಲ್ಲಿ ಕುಂತು ಹೆಂಗ ಗೊತ್ತಾಕ್ಕೈತಿ?"

"ಅದಕ್ಕ ಹೊಂಟೀನಿ ಅಪ್ಪಾ."

ಅವ್ವನಿಗೆ ಭೂಮಿಯ ಚಿಂತೆ ಇರಲಿಲ್ಲ. "ಅಲ್ಲಿ ಏನ್ ತಿಂತಾರೋ ಏನೋ," ಎನ್ನುತ್ತಾ ಜೋಳದ ಖಡಕ್ ರೊಟ್ಟಿ ಬಡಿದು, ಒಣಗಿಸಿ, ದೊಡ್ಡ ಡಬ್ಬಿಯಲ್ಲಿ ಒಂದರ ಮೇಲೊಂದು ಜೋಡಿಸಿ ಸೂಟ್‌ಕೇಸಿಗೆ ತುಂಬಿದಳು. ಬೇಡವೆಂದರೆ ಕೇಳುವ ಹೆಂಗಸಲ್ಲ.

ಹೊರಡುವ ದಿನ ಕಂಪನಿಯ ಕ್ಯಾಬ್ ಡ್ರೈವರ್ ಫೋನ್ ಮಾಡಿ, "ಮೇಡಂ, ಜಾಲಹಳ್ಳಿ ಹತ್ರ ಅಂತ ಹಾಕ್ಲಾ?" ಎಂದ. ನಮ್ಮ ಬೀದಿಯ ಎಷ್ಟೋ ಜನ ವಿಳಾಸ ಕೇಳಿದರೆ ಹಾಗೇ ಹೇಳುತ್ತಾರೆ. ಜಾಲಹಳ್ಳಿ ಎಂದರೆ ನೆರಳಿನ ರಸ್ತೆ, ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸು. ರಾಜಗೋಪಾಲನಗರ ಎಂದರೆ ಶಿಫ್ಟು, ಬಾಡಿಗೆ ರೂಮು.

"ಬೇಡಣ್ಣಾ, ರಾಜಗೋಪಾಲನಗರ ಅಂತಲೇ ಹಾಕಿ," ಎಂದೆ.

ಪರ್ತ್

ಪರ್ತ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ಮೊದಲು ಸ್ವಾಗತಿಸಿದ್ದು ಒಂದು ನಾಯಿ. ಅದು ಎಲ್ಲರ ಸೂಟ್‌ಕೇಸ್ ಮೂಸುತ್ತಾ ಬಂದು ನನ್ನದರ ಪಕ್ಕ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಿತು. ಆ ದೇಶದವರಿಗೆ ಹೊರಗಿನ ಎಲೆ, ಬೀಜ, ಮಣ್ಣು ಎಂದರೆ ಮಹಾ ಭಯ. ತಿಂಡಿ ತಂದಿದ್ದೇನೆ ಎಂದು ನಾನು ಮೊದಲೇ ಬರೆದುಕೊಟ್ಟಿದ್ದೆ, ಆದರೂ ಡಬ್ಬಿ ತೆರೆಯಬೇಕಾಯಿತು.

ಅಧಿಕಾರಿ ಕೈಗವಸು ಹಾಕಿಕೊಂಡು ಒಂದು ರೊಟ್ಟಿ ಎತ್ತಿ, ಬೆಳಕಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿದರು. ಟಣ್ ಎಂದಿತು.

"ಇದು ತಿನ್ನುವುದಾ, ಗೋಡೆಗೆ ನೇತುಹಾಕುವುದಾ?" (ಇಲ್ಲಿಂದ ಮುಂದೆ ಅಲ್ಲಿಯವರ ಮಾತನ್ನೆಲ್ಲ ನನ್ನ ಕನ್ನಡದಲ್ಲೇ ಬರೆಯುತ್ತೇನೆ.)

"ತಿನ್ನುವುದು ಸರ್. ನಮ್ಮ ಅವ್ವ ಮಾಡಿದ್ದು."

"ಮತ್ತೆ ಇದು?"

ರೊಟ್ಟಿಗಳ ನಡುವೆ ಅವ್ವ ನನಗೆ ಹೇಳದೆ ಕರಿಬೇವಿನ ಕಡ್ಡಿ ಇಟ್ಟಿದ್ದಳು. ಅಲ್ಲಿ ಒಗ್ಗರಣೆಗೆ ಸಿಗದಿದ್ದರೆ ಎಂದು! ನಾಯಿ ಅದನ್ನೇ ಹಿಡಿದಿತ್ತು. ಕರಿಬೇವು ಕಸದ ಬುಟ್ಟಿಗೆ ಹೋಯಿತು, ರೊಟ್ಟಿ ಪಾರಾಯಿತು. ಪಾರಾಯಿತು ಎಂದರೆ ಜೀವ ಉಳಿಸಿಕೊಂಡಿತು ಅಷ್ಟೇ. ಸೂಟ್‌ಕೇಸ್ ಎತ್ತಿ ಎಸೆದವರ ಕೃಪೆಯಿಂದ ಒಂದು ರೊಟ್ಟಿ ಬಿಟ್ಟು ಉಳಿದೆಲ್ಲ ತುಂಡುತುಂಡಾಗಿದ್ದವು. ತುಂಡುಗಳನ್ನು ಮೇಜಿನ ಮೇಲೆ ಒಂದಕ್ಕೊಂದು ಕೂಡಿಸಿ ನೋಡಿದೆ. ಸರಿಯಾಗಿ ಕೂತವು. ಕೂತರೇನು, ರೊಟ್ಟಿ ವಾಪಸ್ ಬರುತ್ತದೆಯೇ ಎಂದು ಬೈದುಕೊಂಡು ಡಬ್ಬಿ ಮುಚ್ಚಿದೆ.

ಗಣಿಯ ಕ್ಯಾಂಪು

ಒಳನಾಡಿಗೆ ಸಣ್ಣ ವಿಮಾನ. ಕೆಳಗೆ ಕೆಂಪು ಮಣ್ಣು, ಮೋಟು ಗಿಡ, ಬಿಳಿ ಉಪ್ಪಿನ ಕೆರೆಗಳು. ವಿಮಾನದಲ್ಲಿದ್ದವರೆಲ್ಲ ಗಣಿಯ ಕೆಲಸದವರು. ವಾರಗಟ್ಟಲೆ ಅಲ್ಲಿದ್ದು ದುಡಿದು, ಮನೆಗೆ ಹೋಗಿ, ಮತ್ತೆ ಬರುತ್ತಾರೆ. ನಮ್ಮ ಕಡೆಯ ರೂಮಿನ ಹುಡುಗರು ಹಬ್ಬಕ್ಕೆ ಯಾದಗಿರಿ ಬಸ್ಸು ಹತ್ತುವ ಹಾಗೆ ಇವರು ವಿಮಾನ ಹತ್ತುತ್ತಾರೆ. ಅದೇ ನಿದ್ದೆಗಣ್ಣು, ಅದೇ ಬ್ಯಾಗು.

ಅಲ್ಲಿನ ನೊಣಗಳಿಗೆ ಮರ್ಯಾದೆಯೇ ಇಲ್ಲ. ಕಣ್ಣಿನ ತುದಿಯಲ್ಲಿ ಕುಳಿತು ಒಳಗೆ ಜಾಗವಿದೆಯೇ ಎಂದು ವಿಚಾರಿಸುತ್ತವೆ. ಅವರೆಲ್ಲ ಟೋಪಿಯ ಮೇಲೆ ಬಲೆ ಹಾಕಿಕೊಳ್ಳುತ್ತಾರೆ. ನಾನು ದುಪಟ್ಟಾ ಸುತ್ತಿಕೊಂಡೆ. ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಎಲ್ಲರೂ, ದೊಡ್ಡ ಮ್ಯಾನೇಜರೂ, ಸಾಲಾಗಿ ನಿಂತು ಒಂದು ಕೊಳವೆಗೆ ಊದಬೇಕು. ರಾತ್ರಿಯ ಕುಡಿತ ಒಂದಿಷ್ಟು ಉಳಿದಿದ್ದರೂ ಗೇಟು ತೆರೆಯುವುದಿಲ್ಲ. ಫೋನಿನಲ್ಲಿ ಇದನ್ನು ಕೇಳಿ ಅಪ್ಪ ಬಹಳ ಹೊತ್ತು ನಕ್ಕ. "ಮ್ಯಾನೇಜರೂ ಊದತಾನೇನ? ಅದು ಚಲೋ ಐತಿ."

ಊಟದ ಮನೆಯಲ್ಲಿ ತಟ್ಟೆ ತೊಳೆಯುವವರಿಂದ ಹಿಡಿದು ಎಲ್ಲರಿಗೂ ನಾನು ಸರ್, ಮೇಡಂ ಎನ್ನುತ್ತಿದ್ದೆ. ಅವರಿಗೆ ಅದೇ ತಮಾಷೆ. ಅಲ್ಲಿ ಎಲ್ಲರೂ ಬರೀ ಹೆಸರು, ಅದೂ ಅರ್ಧ ಹೆಸರು. ಗಣಿಯ ಮುಖ್ಯ ಭೂವಿಜ್ಞಾನಿ ಗ್ರೆಗ್ ಬಿಸಿಲಿನಲ್ಲಿ ಬೆಂದ ಮುಖದ, ಒರಟು ಕೈಯ ಮನುಷ್ಯ. ವಿಡಿಯೊ ಕಾಲಿನಲ್ಲಿ ಕೈತಪ್ಪು ಎಂದಿದ್ದವನು ಅವನೇ. ನಾಗರತ್ನ ಎಂದು ನಾನು ಹೇಳಿ ಮುಗಿಸುವ ಮೊದಲೇ, "ನ್ಯಾಗ್ಸ್ ಎಂದರೆ ಸಾಕಲ್ಲ?" ಎಂದ. ಪ್ರಯಾಣದ ಸುಸ್ತಿಗೆ ತಲೆಯಾಡಿಸಿದೆ. ಅದು ಹಲ್ಲಿನ ಸಂದಿಯ ಜೋಳದ ಚೂರಿನಂತೆ ಎರಡು ದಿನ ಚುಚ್ಚಿತು.

ಗ್ರೆಗ್‌ನ ಕೋಣೆಯ ಗೋಡೆಯ ಮೇಲೆ ಗಣಿಯ ನಕ್ಷೆ ಇತ್ತು. ಪ್ರತಿ ಫಾಲ್ಟಿಗೂ ಒಂದು ಹೆಸರು. ಇಲ್ಲಿ ಪದ್ಧತಿ ಹೀಗೆ: ಫಾಲ್ಟ್ ಇದೆ ಎಂದು ಯಾರು ಸಾಧಿಸುತ್ತಾರೋ ಅವರೇ ಹೆಸರಿಡಬೇಕು. ಒಂದಕ್ಕೆ ನಾಯಿಯ ಹೆಸರಿತ್ತು, ಒಂದಕ್ಕೆ ರೇಸ್ ಕುದುರೆಯದು, ಒಂದಕ್ಕೆ ಯಾರದೋ ಮಾಜಿ ಹೆಂಡತಿಯದು. ದೊಡ್ಡ ಫಾಲ್ಟ್ ನಕ್ಷೆಯ ಮೇಲೆ ಸ್ಕೇಲು ಹಿಡಿದು ಎಳೆದಂತೆ ನೇರವಾಗಿತ್ತು.

"ಕೊನೆಯ ಹೋಲ್ ಇಲ್ಲಿ," ಎಂದು ಗ್ರೆಗ್ ಆ ನೇರ ಗೆರೆಯ ಮೇಲೆ ಬೆರಳಿಟ್ಟ. ನನ್ನ ಡೊಂಕಿನಿಂದ ಬಹಳ ದೂರ. "ನೀನು ಬಂದಿದ್ದೀಯ, ಸಂತೋಷ. ಎಲ್ಲ ಸುತ್ತಿ ನೋಡು. ಆದರೆ ಆ ಡೊಂಕು ತೆಗೆದುಕೊಡಬೇಕು."

"ಕಲ್ಲು ನೋಡಿ ಹೇಳುತ್ತೇನೆ," ಎಂದೆ.

ಕೋರ್ ಅಂಗಳ

ಕೊರೆದಾಗ ಬರುವ ಉದ್ದನೆಯ ಕಲ್ಲಿನ ಕೋಲಿಗೆ ಕೋರ್ ಎನ್ನುತ್ತಾರೆ. ಅದನ್ನು ತಗಡಿನ ತಟ್ಟೆಗಳಲ್ಲಿ ಸಾಲಾಗಿ ಇಟ್ಟು, ತೊಳೆದು, ಫೋಟೊ ತೆಗೆದು, ಅಂಗಳದಲ್ಲಿ ಪೇರಿಸಿಡುತ್ತಾರೆ. ಅಂಗಳದ ಉಸ್ತುವಾರಿ ಹೀದರ್ ಎಂಬಾಕೆಯದು. ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ, ಜೋರು ನಗೆಯ ಹೆಂಗಸು.

ಪರದೆಯ ಮೇಲೆ ವರ್ಷಗಟ್ಟಲೆ ನೋಡಿದ ಕಲ್ಲನ್ನು ಮೊದಲ ಸಲ ಮುಟ್ಟಿದೆ. ತಣ್ಣಗೆ, ಭಾರವಾಗಿ, ನಿಜವಾಗಿತ್ತು. ನನ್ನ ಡೊಂಕಿನ ಆಳದ ತಟ್ಟೆ ಹುಡುಕಿದೆವು. ತಟ್ಟೆಯ ನಡುವೆ ಕೋರ್ ಇರಲಿಲ್ಲ, ಒಂದು ಮರದ ತುಂಡು ಇತ್ತು. 'ಕೋರ್ ನಷ್ಟ' ಎಂದು ಅದರ ಮೇಲೆ ಬರೆದಿತ್ತು.

"ಕಲ್ಲು ಎಲ್ಲಿ ಹೋಯಿತು?"

"ಅಲ್ಲೇ ಪುಡಿಯಾಗಿರುತ್ತದೆ. ಡ್ರಿಲ್ ಮಾಡುವಾಗ ಮೆಷಿನ್ ಒಡೆದುಹಾಕುತ್ತದೆ. ಜಲ್ಲಿಯನ್ನು ನಾವು ಚೀಲಕ್ಕೆ ತುಂಬಿ ಹಿಂದಿನ ಶೆಡ್ಡಿಗೆ ಹಾಕುತ್ತೇವೆ. ಜಲ್ಲಿಯ ಫೋಟೊ ಯಾಕೆ?"

"ಅದನ್ನೂ ನೋಡಬೇಕು."

"ಜಲ್ಲಿ ನೋಡೋಕೆ ಬೆಂಗಳೂರಿಂದ ಬಂದೆಯಾ?"

"ಹೌದು. ಬಂದದ್ದೇ ಅದಕ್ಕೆ."

ಹೀದರ್ ನಕ್ಕಳು, ಆದರೆ ಚೀಲ ಹೊತ್ತು ತಂದವಳೂ ಅವಳೇ. ನೆಲದ ಮೇಲೆ ಟಾರ್ಪಾಲಿನ್ ಹಾಸಿ ಸುರಿದೆ. ಕೆಸರು ಅಂಟಿದ ಕಲ್ಲಿನ ಚೂರುಗಳು. ಬಕೆಟ್ ನೀರಿನಲ್ಲಿ ಒಂದೊಂದನ್ನೇ ತೊಳೆಯುತ್ತಾ ಕುಳಿತೆ. ಒಂದಕ್ಕೊಂದು ಕೂಡಿಸಲು ನೋಡಿದೆ. ಕೂಡಲಿಲ್ಲ. ಇನ್ನೊಂದು. ಅದೂ ಕೂಡಲಿಲ್ಲ.

ಆಗ ನೆನಪಾದದ್ದು ಪರ್ತ್‌ನ ಮೇಜಿನ ಮೇಲಿನ ರೊಟ್ಟಿ. ಮೊನ್ನೆ ಮುರಿದದ್ದು ಇಂದು ಕೂಡುತ್ತದೆ. ಮೆಷಿನ್ ಒಡೆದಿದ್ದರೆ ಈ ಚೂರುಗಳ ಅಂಚು ಹೊಸದಾಗಿ, ಹರಿತವಾಗಿ ಇರಬೇಕು, ಒಂದಕ್ಕೊಂದು ಕೂರಬೇಕು. ಇವುಗಳ ಅಂಚಿನಲ್ಲಿ ಬೆಣಚು ಬೆಳೆದಿತ್ತು. ಕಪ್ಪು ಬಂಡೆಯ ಚೂಪು ಚೂರುಗಳನ್ನು ಬಿಳಿ ಬೆಣಚು ಹಿಡಿದುಕೊಂಡಿತ್ತು, ಕಡಲೆಕಾಯಿ ಬರ್ಫಿಯಲ್ಲಿ ಬೀಜಗಳನ್ನು ಬೆಲ್ಲ ಹಿಡಿದುಕೊಳ್ಳುವ ಹಾಗೆ. ಇನ್ನೊಂದು ಚೂರಿನಲ್ಲಿ ಬೆಣಚು ಪದರ ಪದರವಾಗಿತ್ತು. ಒಡೆದು, ಮುಚ್ಚಿ, ಮತ್ತೆ ಒಡೆದು, ಮತ್ತೆ ಮುಚ್ಚಿದ ಪದರಗಳು. ಅದೇ ನಮ್ಮ ನಲ್ಲಿಯ ಬಿಳಿ ಹರಳಿನ ಹಾಗೆ.

"ಹೀದರ್, ಇದು ಮೆಷಿನ್ ಒಡೆದದ್ದಲ್ಲ. ಮೆಷಿನ್ ಬರುವ ಎಷ್ಟೋ ಕೋಟಿ ವರ್ಷ ಮೊದಲೇ ಒಡೆದಿತ್ತು. ಮೆಷಿನ್ ಒಡೆದ ಚೂರಿಗೆ ಬೆಣಚು ಅಂಟುತ್ತದೆಯೇ?"

ಆಕೆ ಮಂಡಿಯೂರಿ ಕೂತು ಚೂರನ್ನು ಕೈಗೆ ತೆಗೆದುಕೊಂಡಳು. ಅದರ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು. ಆಮೇಲೆ ಅಂದಳು, "ಶೆಡ್ಡಿನಲ್ಲಿ ಇಂಥ ಚೀಲಗಳು ಇನ್ನೂ ಇವೆ. ತರಲಾ?"

ಮೀಟಿಂಗ್ ಕೋಣೆ

ಚೂರುಗಳನ್ನು ತಟ್ಟೆಯಲ್ಲಿ ಜೋಡಿಸಿಕೊಂಡು ಹೋದೆವು. ಗ್ರೆಗ್ ಲೆನ್ಸ್ ಹಿಡಿದು ಒಂದೊಂದನ್ನೂ ನೋಡಿದ. ಒಳ್ಳೆಯ ಭೂವಿಜ್ಞಾನಿ ಅವನು. ಕಣ್ಣಿಗೆ ಕಂಡದ್ದನ್ನು ಇಲ್ಲವೆನ್ನಲಿಲ್ಲ. ಆದರೆ ಅಷ್ಟಕ್ಕೆ ಬಿಡಲೂ ಇಲ್ಲ.

"ಸರಿ, ಭೂಮಿಯೇ ಒಡೆದದ್ದು. ಫಾಲ್ಟ್ ಇದ್ದ ಮೇಲೆ ಒಡೆದ ಕಲ್ಲು ಇದ್ದೇ ಇರುತ್ತದೆ. ಇದರಿಂದ ಡೊಂಕು ಹೇಗೆ ಬಂತು, ನ್ಯಾಗ್ಸ್?"

"ನನ್ನ ಹೆಸರು ನಾಗರತ್ನ," ಎಂದೆ. "ನಾಲ್ಕೇ ಅಕ್ಷರ. ಆಸ್ಟ್ರೇಲಿಯಾ ಎನ್ನುವ ಬಾಯಿಗೆ ಇದು ಕಷ್ಟವಲ್ಲ."

ಹೀದರ್ ನೆಲ ನೋಡುತ್ತಾ ತುಟಿ ಕಚ್ಚಿಕೊಂಡಳು. ಗ್ರೆಗ್ ಕುರ್ಚಿಗೆ ಒರಗಿ, "ನಾ-ಗ-ರತ್-ನ. ಹೇಳು," ಎಂದ.

ನಾನು ಚೀಲದಿಂದ ಡಬ್ಬಿ ತೆಗೆದೆ. ಇಡಿಯಾಗಿ ಉಳಿದಿದ್ದ ಒಂದೇ ರೊಟ್ಟಿಯನ್ನು ಮೇಜಿನ ಮೇಲೆ ಇಟ್ಟು ನಡುವೆ ಒತ್ತಿದೆ. ಪಟ್ಟೆಂದು ಮುರಿಯಿತು. ಖಡಕ್ ರೊಟ್ಟಿ ಎಂದೂ ನೇರವಾಗಿ ಮುರಿಯುವುದಿಲ್ಲ. ಒಂದು ಕಡೆ ಬಾಗಿಯೇ ಬಾಗುತ್ತದೆ.

"ಇದು ನಿಮ್ಮ ಫಾಲ್ಟ್. ಈಗ ನೋಡಿ." ಎರಡು ಹೋಳುಗಳನ್ನೂ ಅಂಚು ತಾಗಿಸಿಕೊಂಡೇ ಸ್ವಲ್ಪ ಜರುಗಿಸಿದೆ. ನೇರ ಇದ್ದ ಕಡೆ ಅಂಚಿಗೆ ಅಂಚು ಒತ್ತಿಕೊಂಡೇ ಇತ್ತು. ಡೊಂಕು ಇದ್ದ ಕಡೆ ಮಾತ್ರ ಬಾಯಿ ಬಿಟ್ಟಿತು, ಮೇಜಿನ ಮರ ಕಾಣುವಷ್ಟು. "ನೇರ ಭಾಗದಲ್ಲಿ ನೀರಿಗೆ ಜಾಗವಿಲ್ಲ. ಇಲ್ಲಿದೆ. ಒತ್ತಡ ಇಳಿಯುವುದು ಇಲ್ಲಿ. ಬೆಣಚು ಪದರ ಪದರವಾಗಿ ಕಟ್ಟಿದ್ದು ಇಲ್ಲಿ."

"ಆ ಕಡೆ ಜರುಗಿಸಿದರೆ ಬಾಯಿ ಬಿಡುತ್ತದೆ, ಒಪ್ಪಿದೆ. ಈ ಕಡೆ ಜರುಗಿಸಿದರೆ?" ಗ್ರೆಗ್ ತಾನೇ ಹೋಳನ್ನು ಹಿಂದಕ್ಕೆ ತಳ್ಳಿದ. ಡೊಂಕಿನಲ್ಲಿ ರೊಟ್ಟಿ ಒತ್ತಿಕೊಂಡು ಪುಡಿಯಾಯಿತು. "ಆಗ ನೀರಿಗೆ ದಾರಿಯೇ ಇಲ್ಲ."

ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ವೈಟ್‌ಫೀಲ್ಡಿನಲ್ಲೇ ಸಿದ್ಧವಾಗಿತ್ತು. "ನಿಮ್ಮದೇ ಸುರಂಗದ ಗೋಡೆಯಲ್ಲಿ ಬಂಡೆ ಉಜ್ಜಿದ ಗೀರುಗಳಿವೆ. ನಿಮ್ಮವರೇ ಅಳೆದು ಕಳಿಸಿದ್ದಾರೆ. ಜರುಗಿದ್ದು ನಾನು ಜರುಗಿಸಿದ ದಿಕ್ಕಿಗೆ. ನಾನು ಅದನ್ನು ಓದಿದ್ದೇನೆ. ನೀವು ಓದಿದ್ದೀರಾ?"

ಗ್ರೆಗ್‌ನ ಕಿವಿ ಇನ್ನಷ್ಟು ಕೆಂಪಾಯಿತು. "ಬಾಯಿ ಬಿಟ್ಟ ಮಾತ್ರಕ್ಕೆ ಚಿನ್ನ ಇರುತ್ತದೆ ಎನ್ನುತ್ತೀಯಾ?"

"ಇಲ್ಲ. ಚಿನ್ನದ ಮಾತು ನಾನು ಕೊಡುವುದಿಲ್ಲ, ಯಾರೂ ಕೊಡಬಾರದು. ಡೊಂಕಿದೆ ಎನ್ನುತ್ತೇನೆ. ಆ ಚೀಲಗಳನ್ನು ನೀವು ಜಲ್ಲಿ ಎಂದಿರಿ, ನಮ್ಮವರು ಖಾಲಿ ಎಂದರು, ಸಾಫ್ಟ್‌ವೇರ್ ಅದರ ಮೇಲೆ ಇಸ್ತ್ರಿ ಹೊಡೆಯಿತು. ಬೇಕಾದರೆ ನಿಮ್ಮ ಹೋಲನ್ನು ನಿಮ್ಮ ನೇರ ಗೆರೆಯ ಮೇಲೇ ಕೊರೆಯಿರಿ. ಆದರೆ ಡೊಂಕನ್ನು ನನ್ನ ಕೈಯಿಂದ ಅಳಿಸುವುದಿಲ್ಲ. ಅಳಿಸಲೇಬೇಕೆಂದರೆ ಬೇರೆಯವರ ಹೆಸರು ಹಾಕಿ ಅಳಿಸಿಕೊಳ್ಳಿ."

ಅವನು ಹೋಳನ್ನು ಮತ್ತೆ ನಾನು ಜರುಗಿಸಿದ ದಿಕ್ಕಿಗೇ ತಳ್ಳಿ ನೋಡಿದ. ಆಮೇಲೆ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ಕಟುಂ ಕಟುಂ ಅಗಿದ.

"ಹೀದರ್, ರಿಗ್‌ನವರಿಗೆ ರೇಡಿಯೊ ಮಾಡು. ಜಾಗ ಬದಲಾಗಿದೆ."

ರಿಗ್

ಕೊರೆಯುವುದು ನಿಧಾನದ ಕೆಲಸ. ಪೀಣ್ಯದಲ್ಲಿ ಬೆಳೆದವಳಿಗೆ ಆ ಸದ್ದು ಹೊಸದಲ್ಲ. ಬೇಕಾದರೆ ನಿದ್ದೆಯನ್ನೂ ಮಾಡಬಲ್ಲೆ. ಮಾಡಲಿಲ್ಲ. ದಿನವಿಡೀ ತಟ್ಟೆಗಳ ಪಕ್ಕ ನಿಂತೆ. ಕಪ್ಪು ಬಂಡೆ, ಮತ್ತೆ ಕಪ್ಪು ಬಂಡೆ. ಮರುದಿನವೂ ಅದೇ. ನಾನು ಗುರುತಿಸಿದ್ದ ಆಳ ಬಂತು, ದಾಟಿತು. ಕಪ್ಪು ಬಂಡೆ. ಯಾರೂ ನನ್ನ ಮುಖ ನೋಡಲಿಲ್ಲ. ಮುರಳಿಯ ಗುಂಡಿ, ಒಂದೇ ಕ್ಲಿಕ್ಕು, ಕಣ್ಣ ಮುಂದೆ ಬಂತು. ಬೆನ್ನು ಬಗ್ಗಿಸಲಿಲ್ಲ.

ಅದಾದ ಸ್ವಲ್ಪ ಹೊತ್ತಿಗೆ ಡ್ರಿಲ್ಲಿನ ಸದ್ದು ಬದಲಾಯಿತು. ಕೊಳವೆಯಿಂದ ಮೊದಲು ಬೂದು ಕೆಸರು, ಅದರ ಹಿಂದೆ ಬಿಳಿ ಬೆಣಚು. ಚೂರುಗಳನ್ನು ಹಿಡಿದುಕೊಂಡ, ಪದರ ಪದರದ ಬೆಣಚು. ನಿಲ್ಲಲೇ ಇಲ್ಲ, ಒಂದು ತಟ್ಟೆ ತುಂಬಿ ಇನ್ನೊಂದಕ್ಕೆ ಹರಿಯಿತು. ಹೀದರ್ ನನ್ನ ಬೆನ್ನಿಗೆ ಹೊಡೆದ ಹೊಡೆತಕ್ಕೆ ದುಪಟ್ಟಾ ಜಾರಿ ನೊಣಗಳಿಗೆ ಹಬ್ಬವಾಯಿತು. "ಈ ಸಲ ಒಂದು ಚೂರೂ ಚೀಲಕ್ಕೆ ಹೋಗುವುದಿಲ್ಲ. ಎಲ್ಲದರ ಫೋಟೊ!" ಎಂದು ಅವಳು ಕೂಗಿದಳು.

ಗ್ರೆಗ್ ಬಂದು ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡ. "ಡೊಂಕಿಗೆ ಹೆಸರು ಬೇಕು. ಇಲ್ಲಿಯ ಪದ್ಧತಿ ಗೊತ್ತಲ್ಲ, ನೀನೇ ಇಡಬೇಕು."

"ರಾಜಗೋಪಾಲನಗರ."

"ಅದೇನು, ದೇವರ ಹೆಸರಾ?"

"ನಮ್ಮ ಏರಿಯಾ."

"ನಕ್ಷೆಯಲ್ಲಿ ಹಿಡಿಸುವುದಿಲ್ಲ ಮಾರಾಯ್ತಿ. ಚಿಕ್ಕದು ಮಾಡು. ರಾಜಾ?"

"ರಾಜಾ ಅಲ್ಲ. ಅಕ್ಷರ ಚಿಕ್ಕದು ಮಾಡಿ, ಹೆಸರು ಪೂರ್ತಿ ಇರಲಿ."

ಮತ್ತೆ ವೈಟ್‌ಫೀಲ್ಡ್

ಓನರ್ ಅಕ್ಕನಿಗೆ ಒಂದು ಬೆಣಚಿನ ಚೂರು ತಂದುಕೊಟ್ಟೆ. ಗ್ರೆಗ್‌ನ ಅನುಮತಿ ಕೇಳಿಯೇ. "ಇದ್ರಾಗೆ ಚಿನ್ನ ಎಲ್ಲೈತೆ?" ಎಂದು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ತುಳಸಿಕಟ್ಟೆಯ ಮೇಲಿಟ್ಟರು.

ಚಿನ್ನ ಎಲ್ಲಿದೆ ಎಂದು ಎಲ್ಲರೂ ಕೇಳಿದರು. ಪ್ರಯೋಗಾಲಯದ ಉತ್ತರ ನಾನು ವಾಪಸಾದ ಕೆಲವು ವಾರಗಳ ಮೇಲೆ ಬಂತು. ಬೆಣಚಿನ ಒಂದು ಭಾಗದಲ್ಲಿ ಚೆನ್ನಾಗಿದೆ, ಇನ್ನೊಂದು ಭಾಗದಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನೀರು ಎಲ್ಲ ಸಲವೂ ಚಿನ್ನ ಹೊತ್ತು ತರುವುದಿಲ್ಲ. ಆದರೆ ಬೇರೆ ಗಣಿಗೆ ಹೋಗಬೇಕಿದ್ದ ರಿಗ್ ಹೋಗಲಿಲ್ಲ. ಡೊಂಕಿನ ಉದ್ದಕ್ಕೂ ಇನ್ನಷ್ಟು ಕೊರೆಯುತ್ತಾರೆ.

ಅದರ ಮೀಟಿಂಗು ಮೊನ್ನೆ ಇತ್ತು. ಪರದೆಯ ಮೇಲೆ ನನ್ನ ಮಾಡೆಲ್, ಡೊಂಕಿನ ಸಮೇತ. ಅವರ ಕಡೆ ಪರ್ತ್‌ನ ದೊಡ್ಡವರೂ ಕುಳಿತಿದ್ದರು. ಗ್ರೆಗ್ ಶುರು ಮಾಡಿದ: "ಮುಂದಿನ ಹೋಲ್‌ಗಳೆಲ್ಲ ರಾಜ... ರಾಜಗೋ..." ನಿಂತ. ಯಾರೋ ನಕ್ಕರು. "ಸುಲಭಕ್ಕೆ ಮೊದಲ ಅಕ್ಷರಗಳನ್ನಷ್ಟೇ ಹೇಳೋಣವೇ?"

ಪಕ್ಕದಲ್ಲಿದ್ದ ಮುರಳಿ ಮೊಣಕೈ ತಿವಿದ. "ಬಿಡು ಮಗಾ, ಹೋಗ್ಲಿ."

ನಾನು ಮೈಕ್ ಆನ್ ಮಾಡಿದೆ.

"ಬೇಡ ಗ್ರೆಗ್. ನಿಧಾನವಾಗಿ ಹೇಳಿ. ಕಾಯುತ್ತೇನೆ."

"ರಾಜ."

"ಸರಿ."

"ಗೋಪಾಲ."

"ಸರಿ."

"ನಗರ."

"ಈಗ ಹೇಳಿ," ಎಂದೆ, "ಎಲ್ಲಿ ಕೊರೆಯುತ್ತೀರಿ?"